ವರ್ಕ್‌ಡೇ ಎಪಿಐ ದೃಢೀಕರಣ

ವರ್ಕ್‌ಡೇ ಎಂಬ ಮಾನವ ಸಂಪನ್ಮೂಲ ತಂತ್ರಾಂಶದಿಂದ ಮಾಹಿತಿ ಕೋರುವ ಮತ್ತೊಂದು ತಂತ್ರಾಂಶವು ತನ್ನ ಗುರುತನ್ನು ಸಾಬೀತುಪಡಿಸುವ ಕ್ರಮವನ್ನು ವರ್ಕ್‌ಡೇ ಎಪಿಐ ದೃಢೀಕರಣ ಎನ್ನಲಾಗುತ್ತದೆ. ಡೇವ್ ಡಫೀಲ್ಡ್ ಮತ್ತು ಅನೀಲ್ ಭುಸ್ರಿ 2005ರಲ್ಲಿ ಸ್ಥಾಪಿಸಿದ ವರ್ಕ್‌ಡೇ ಸಂಸ್ಥೆಯ ಕೇಂದ್ರ ಕಚೇರಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಇಂತಹ ತಂತ್ರಾಂಶದಲ್ಲಿ ನೌಕರರ ಸಂಬಳ, ಬ್ಯಾಂಕ್ ಖಾತೆ, ಮನೆಯ ವಿಳಾಸ, ರಜೆಯ ವಿವರಗಳು ಒಂದೇ ಕಡೆ ಇರುವುದರಿಂದ ದೃಢೀಕರಣದಲ್ಲಾಗುವ ಸಣ್ಣ ಲೋಪವೂ ಸಂಸ್ಥೆಯ ಎಲ್ಲ ನೌಕರರನ್ನು ಬಾಧಿಸಬಲ್ಲದು. ಕೋರಿಕೆ ಕಳುಹಿಸುವ ಕೆಲಸಕ್ಕೆ ಪೈಥಾನ್‌ನಂತಹ ಸ್ಕ್ರಿಪ್ಟಿಂಗ್ ಭಾಷೆಗಳು ಬಳಕೆಯಲ್ಲಿವೆ.

ಸ್ಕ್ರಿಪ್ಟ್‌ಗೆ ಪ್ರತ್ಯೇಕ ಖಾತೆ

ನೌಕರನು ಲಾಗಿನ್ ಆಗುವಾಗ ಗುಪ್ತಪದವನ್ನೂ ಮೊಬೈಲ್‌ಗೆ ಬಂದ ಸಂಕೇತವನ್ನೂ ಸ್ವತಃ ನಮೂದಿಸುತ್ತಾನೆ. ರಾತ್ರಿ ತಾನಾಗಿಯೇ ಓಡುವ ಸ್ಕ್ರಿಪ್ಟ್‌ಗೆ ಇದು ಸಾಧ್ಯವಿಲ್ಲ. ಆದ್ದರಿಂದ 'ಇಂಟಿಗ್ರೇಷನ್ ಸಿಸ್ಟಮ್ ಯೂಸರ್' ಎಂಬ ಪ್ರತ್ಯೇಕ ಖಾತೆಯನ್ನು ತೆರೆದು, ಅದನ್ನು ಒಂದು ಭದ್ರತಾ ಗುಂಪಿಗೆ ಸೇರಿಸಿ, ಆ ಗುಂಪಿಗೆ ಬೇಕಾದ ಅನುಮತಿಗಳನ್ನು ಮಾತ್ರ ನೀಡಲಾಗುತ್ತದೆ. ಭದ್ರತಾ ನೀತಿಯ ಬದಲಾವಣೆಗಳನ್ನು ಕೊನೆಯಲ್ಲಿ ಸಕ್ರಿಯಗೊಳಿಸದಿದ್ದರೆ ಅವು ಜಾರಿಗೆ ಬರುವುದಿಲ್ಲ. ನೌಕರನೊಬ್ಬನ ಸ್ವಂತ ಖಾತೆಯನ್ನೇ ಸ್ಕ್ರಿಪ್ಟ್‌ಗೆ ಬಳಸುವುದು ಸುಲಭವೆನಿಸಿದರೂ, ಆತ ಕೆಲಸ ಬಿಟ್ಟು ಖಾತೆ ಮುಚ್ಚಿದ ದಿನವೇ ಸ್ಕ್ರಿಪ್ಟ್ ಕೂಡ ನಿಲ್ಲುತ್ತದೆ.

ವಿಧಾನಗಳು

ಹಳೆಯದಾದ ಸೋಪ್ ಸೇವೆಗಳಲ್ಲಿ ಡಬ್ಲ್ಯುಎಸ್-ಸೆಕ್ಯುರಿಟಿ ಮಾನಕದಂತೆ ಪ್ರತಿ ಸಂದೇಶದ ಶಿರೋಭಾಗದಲ್ಲಿಯೂ ಬಳಕೆದಾರ ಹೆಸರು ಮತ್ತು ಗುಪ್ತಪದ ಇರುತ್ತವೆ. ಹೆಸರಿನ ನಂತರ ಆ್ಯಟ್ ಚಿಹ್ನೆಯನ್ನೂ ಟೆನೆಂಟ್‌ನ, ಅಂದರೆ ಆ ಗ್ರಾಹಕ ಸಂಸ್ಥೆಗೆ ಮೀಸಲಾದ ವಿಭಾಗದ, ಹೆಸರನ್ನೂ ಸೇರಿಸಬೇಕು. ಪೈಥಾನ್‌ನಲ್ಲಿ ಇದಕ್ಕೆ ಝೀಪ್ ಲೈಬ್ರರಿಯನ್ನು ಬಳಸಬಹುದು.

ರೆಸ್ಟ್ ಸೇವೆಗಳು ಓಆತ್ 2.0 ಮಾನಕವನ್ನು ಅನುಸರಿಸುತ್ತವೆ. ಈ ಮಾನಕವು 2012ರಲ್ಲಿ ಆರ್‌ಎಫ್‌ಸಿ 6749 ಆಗಿ ಪ್ರಕಟವಾಯಿತು. ನಿರ್ವಾಹಕನು ಎಪಿಐ ಕ್ಲೈಂಟ್ ಒಂದನ್ನು ನೋಂದಾಯಿಸಿದಾಗ ಕ್ಲೈಂಟ್ ಐಡಿ ಮತ್ತು ಕ್ಲೈಂಟ್ ಸೀಕ್ರೆಟ್ ದೊರೆಯುತ್ತವೆ; ಆ ಕ್ಲೈಂಟ್‌ಗಾಗಿ ರಿಫ್ರೆಶ್ ಟೋಕನ್ ಅನ್ನೂ ಸೃಷ್ಟಿಸಬಹುದು. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯ ಮೂಲಕ ಈ ಮೂರನ್ನೂ ಟೋಕನ್ ವಿಳಾಸಕ್ಕೆ ಪೋಸ್ಟ್ ವಿಧಾನದಲ್ಲಿ ಕಳುಹಿಸಿದರೆ ಅಲ್ಪಾವಧಿಯ ಆ್ಯಕ್ಸೆಸ್ ಟೋಕನ್ ಬರುತ್ತದೆ. ಮುಂದಿನ ಕೋರಿಕೆಗಳ ಶಿರೋಭಾಗದಲ್ಲಿ 'ಬೇರರ್' ಪದದ ನಂತರ ಅದನ್ನು ಇಡಬೇಕು. ಬೇರರ್ ಚೆಕ್ಕಿನಂತೆ ಈ ಟೋಕನ್ ಕೂಡ ಯಾರ ಕೈಯಲ್ಲಿದೆಯೋ ಅವರಿಗೆ ಸಲ್ಲುತ್ತದೆ. ತಂದವರು ಯಾರೆಂದು ಮತ್ತೆ ವಿಚಾರಿಸುವುದಿಲ್ಲ. ರಿಫ್ರೆಶ್ ಟೋಕನ್ ಅವಧಿ ಮುಗಿಯದಂತೆಯೂ ಹೊಂದಿಸಬಹುದಾದ್ದರಿಂದ ಅದು ಗುಪ್ತಪದಕ್ಕೆ ಸಮಾನ.

ರಹಸ್ಯಗಳ ರಕ್ಷಣೆ

ಇವುಗಳನ್ನು ಸ್ಕ್ರಿಪ್ಟ್‌ನೊಳಗೆ ಬರೆಯದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಅಥವಾ ರಹಸ್ಯ ಸಂಗ್ರಹ ತಂತ್ರಾಂಶದಲ್ಲಿ ಇಡಬೇಕು. ಬೇಸ್ 64 ರೂಪಕ್ಕೆ ಬದಲಿಸುವುದು ಗೂಢಲಿಪೀಕರಣವಲ್ಲ. ಅದನ್ನು ಯಾರು ಬೇಕಾದರೂ ಮೂಲರೂಪಕ್ಕೆ ತರಬಹುದು. ಗಿಟ್‌ಗೆ ಸೇರಿದ ರಹಸ್ಯವನ್ನು ಮುಂದಿನ ಆವೃತ್ತಿಯಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿಯುತ್ತದೆ. ಆಗ ಹಳೆಯದನ್ನು ರದ್ದುಗೊಳಿಸಿ ಹೊಸದನ್ನು ಪಡೆಯುವುದೇ ಸರಿಯಾದ ಕ್ರಮ.

ದೋಷ ಸಂಕೇತಗಳು

ಎಚ್‌ಟಿಟಿಪಿ ಮಾನಕದಲ್ಲಿ 401 ಎಂದರೆ ಗುರುತು ಸಾಬೀತಾಗಿಲ್ಲ. 403 ಎಂದರೆ ಕೋರಿಕೆಗೆ ಅನುಮತಿಯಿಲ್ಲ. ಅಮಾನ್ಯ ರಿಫ್ರೆಶ್ ಟೋಕನ್ ಕಳುಹಿಸಿದರೆ ಓಆತ್ ಮಾನಕದಂತೆ 400 ಬರುತ್ತದೆ. 403 ಕಂಡಾಗ ಹೊಸ ಟೋಕನ್ ಪಡೆಯುವುದರಿಂದ ಪ್ರಯೋಜನವಿಲ್ಲ. ಭದ್ರತಾ ಗುಂಪಿನಲ್ಲಿ ಕೊರತೆಯಿರುವ ಒಂದು ಅನುಮತಿಯನ್ನು ಹುಡುಕಬೇಕು. ಅವಸರದಲ್ಲಿ ಎಲ್ಲ ಅನುಮತಿಗಳನ್ನೂ ನೀಡಿದರೆ, ಹುಟ್ಟುಹಬ್ಬಗಳ ಪಟ್ಟಿ ತಯಾರಿಸುವ ಸ್ಕ್ರಿಪ್ಟ್‌ಗೂ ಸಂಬಳದ ವಿವರಗಳು ತೆರೆದುಕೊಳ್ಳುತ್ತವೆ.