ಪಟವಾರಿಯ ಚೀಲ

ನಮ್ಮ ನರೋಣಾ ಸೀಮೆಯ ಹಿರಿಯರು ಗ್ರಾಮ ಲೆಕ್ಕಿಗರನ್ನು ಬಹುಕಾಲ ‘ಪಟವಾರಿ’ ಎಂದೇ ಕರೆದರು. ನಿಜಾಮರ ಆಳ್ವಿಕೆಯಿಂದ ಬಂದ ಆ ವಂಶಪಾರಂಪರ್ಯದ ಅಧಿಕಾರವನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಕೊನೆಗೊಳಿಸಿತಾದರೂ ಹೆಸರು ನಾಲಿಗೆಯಿಂದ ಇಳಿಯಲಿಲ್ಲ. ಪಹಣಿ ಪುಸ್ತಕವೂ ಲೆಕ್ಕಿಗರ ಚೀಲದಿಂದ ಇಳಿಯಲಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ತಂದೆಯವರು ತೀರಿಕೊಂಡಾಗ ಆ ಚೀಲದ ಮಹಿಮೆ ನನಗೆ ಅರಿವಾಯಿತು. ಬೆಳೆಸಾಲಕ್ಕೆ ಪಹಣಿ ಬೇಕು. ಪಹಣಿಯಲ್ಲಿ ತಾಯಿಯವರ ಹೆಸರು ಏರಬೇಕು. “ಸಾಹೇಬರು ಊರಲ್ಲಿಲ್ಲ” ಎಂಬ ಉತ್ತರವನ್ನು ಅವರು ಎಷ್ಟು ಸಲ ಕೇಳಿದರೋ! ಕೊನೆಗೆ ಒಂದು ಚೀಲ ತೊಗರಿ ಕೊಟ್ಟ ಮೇಲೆ ಕೆಲಸವಾಯಿತು. ಬಿ.ಎಡ್. ಮುಗಿಸಿ ಮಕ್ಕಳಿಗೆ ಪೌರನೀತಿ ಬೋಧಿಸುತ್ತಿದ್ದ ನಾನೇ ಆ ಚೀಲವನ್ನು ಹೊತ್ತೊಯ್ದೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ರಾಜ್ಯದಲ್ಲಿ ಭೂದಾಖಲೆ ಗಣಕೀಕರಣದ ಮೊದಲ ಪ್ರಯೋಗ ನಡೆದುದು ನಮ್ಮ ಗುಲಬರ್ಗಾ (ಇಂದಿನ ಕಲಬುರಗಿ) ಜಿಲ್ಲೆಯಲ್ಲಿಯೇ, 1991ರಲ್ಲಿ, ಕೇಂದ್ರ ಸರಕಾರದ ಹಣದಿಂದ. ಅದು ಫಲಿಸಲಿಲ್ಲ. ದಾಖಲೆ ತಿದ್ದುವ ಕೆಲಸ ನಡೆಯುತ್ತಿದ್ದುದು ತಾಲ್ಲೂಕಿನಲ್ಲಿ. ಅಲ್ಲಿ ಗಣಕಯಂತ್ರವನ್ನಿಡಲು ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಯಂತ್ರದೊಳಗಿನ ಪಹಣಿ ನಿಂತಲ್ಲೇ ನಿಂತಿತು, ಚೀಲದೊಳಗಿನ ಪಹಣಿ ಮುಂದೆ ನಡೆಯಿತು.

ಹತ್ತು ವರ್ಷಗಳ ನಂತರ ಬಂದ ‘ಭೂಮಿ’ ಯೋಜನೆ ಈ ಗಂಟಿಗೇ ಕೈ ಹಾಕಿತು. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಗಣಕಕ್ಕೇರಿದವು. 15 ರೂಪಾಯಿ ಕೊಟ್ಟರೆ ತಾಲ್ಲೂಕಿನ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು. ನನ್ನ ಮಟ್ಟಿಗೆ ಯಂತ್ರಕ್ಕಿಂತ ದೊಡ್ಡ ಸಂಗತಿ ಬೇರೆಯದು: ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲವೆಂದು ಸರಕಾರ ಸಾರಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕಾಯಿತು. ದಾಖಲೆ ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಯಂತ್ರದೆದುರು ಕೂರಬೇಕಾಯಿತು. ಸುಮಾರು 9,000 ಲೆಕ್ಕಿಗರ ನೌಕರಿ ಉಳಿಯಿತು, ಚೀಲ ಹಗುರಾಯಿತು.

ಆದರೆ ಓದುಗರೇ, ಹಳೆಯ ಪುಸ್ತಕದ ತಪ್ಪುಗಳೂ ಅಚ್ಚಾಗಿ ಗಟ್ಟಿಯಾದವು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ಹೊಲ ಯಂತ್ರಕ್ಕೆ ಹೇಗೆ ತಿಳಿಯಬೇಕು? ಯಾವ ಬದುವಿನಾಚೆ ಯಾರು ಉಳುತ್ತಾರೆಂಬುದು ಆ ಲೆಕ್ಕಿಗರಿಗೆ ಬಾಯಿಪಾಠವಾಗಿತ್ತು. ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಇದನ್ನು ಒಪ್ಪಲೇಬೇಕು.

ನಮ್ಮ ಮೊದಲ ಅಚ್ಚಿನ ಪಹಣಿಯನ್ನು ತಾಯಿಯವರಿಗೆ ಓದಿ ಹೇಳಿದೆ. ಅವರ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು, ಹಳೆಯ ಪುಸ್ತಕದಲ್ಲಿದ್ದ ತಪ್ಪೇ. ತಿದ್ದಿಸಲು ಅರ್ಜಿ ಕೊಡಬೇಕೆಂದಾಗ ಅವರು ಕೇಳಿದ್ದು ಒಂದೇ ಮಾತು: “ಮತ್ತ ತೊಗರಿ ಒಯ್ಯಬೇಕೇನಪ್ಪಾ?”