ಮಾನ್ಯಖೇಟದ ವೈದ್ಯವೂ ಕಲ್ಲುನಾಡಿನ ಮೂತ್ರಪಿಂಡಗಳೂ

ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ಕಾಲದಲ್ಲಿ, ನೃಪತುಂಗನ ಆಸ್ಥಾನವು ಕವಿಗಳಿಗೂ ಗಣಿತಜ್ಞರಿಗೂ ಆಶ್ರಯವಾಗಿತ್ತೆಂಬುದನ್ನು ನಾವೆಲ್ಲರೂ ಅಭಿಮಾನದಿಂದ ನೆನೆಯುತ್ತೇವೆ; ಅದೇ ಸಭೆಯಲ್ಲಿ ಉಗ್ರಾದಿತ್ಯಾಚಾರ್ಯನೆಂಬ ಜೈನ ವೈದ್ಯನು ಮಾಂಸಾಹಾರದ ನಿರರ್ಥಕತೆಯನ್ನು ಕುರಿತು ಉಪನ್ಯಸಿಸಿದನೆಂದು ಅವನ 'ಕಲ್ಯಾಣಕಾರಕ'ವೆಂಬ ಸಂಸ್ಕೃತ ಗ್ರಂಥದ ಕಡೆಯ ಭಾಗವು ತಿಳಿಸುವುದನ್ನು ಮಾತ್ರ ಬಲ್ಲವರು ವಿರಳ. ಅವನು ಉತ್ತರಾಧಿಕಾರಿಯಾಗಿದ್ದ ಆಯುರ್ವೇದವು ಪ್ರಮೇಹವೆಂಬ ಮೂತ್ರರೋಗವನ್ನೂ ಅಶ್ಮರಿಯೆಂಬ ಮೂತ್ರದ ಕಲ್ಲನ್ನೂ ಎಂಟು ಮಹಾರೋಗಗಳ ಸಾಲಿನಲ್ಲಿ ಎಣಿಸಿತ್ತು. ಕಂಠದವರೆಗೆ ನೀರಿನಲ್ಲಿ ಮುಳುಗಿಸಿಟ್ಟ ಹೊಸ ಗಡಿಗೆಯು ಪಕ್ಕಗಳಿಂದ ಜಿನುಗಿ ತುಂಬುವಂತೆ ಮೂತ್ರಾಶಯವು ಸೂಕ್ಷ್ಮನಾಡಿಗಳಿಂದ ತುಂಬುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಆ ಕಾರ್ಯವನ್ನು ವೃಕ್ಕಗಳಿಗೆ, ಎಂದರೆ ಮೂತ್ರಪಿಂಡಗಳಿಗೆ, ಒಪ್ಪಿಸದೆ ಪಕ್ವಾಶಯವೆಂಬ ದೊಡ್ಡ ಕರುಳಿಗೆ ಒಪ್ಪಿಸಿದುದು ಸರಿಯಲ್ಲವಾದರೂ, ಸೋಸುವಿಕೆಯೇ ಇಲ್ಲಿಯ ಮರ್ಮವೆಂದು ಕಂಡುಕೊಂಡ ಬುದ್ಧಿಗೆ ನಾನು ತಲೆಬಾಗುತ್ತೇನೆ.

ಆ ಸೋಸುಕದ ಸ್ವರೂಪವನ್ನು ಅಂಗರಚನಾಶಾಸ್ತ್ರಜ್ಞರಾದ ಮಾಲ್ಪಿಗಿಯು 1666ರಲ್ಲಿಯೂ ಬೌಮನ್ನನು 1842ರಲ್ಲಿಯೂ ಸೂಕ್ಷ್ಮದರ್ಶಕದಿಂದ ಬಿಡಿಸಿ ತೋರಿದರು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೋಸುಕಗಳುಂಟು. ಅವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದ ನೀರನ್ನೂ ಲವಣಗಳನ್ನೂ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳುಹಿಸುವುವು. ರಕ್ತದ ಒತ್ತಡವನ್ನು ಹದದಲ್ಲಿಡುವುದೂ, ಹೊಸ ರಕ್ತಕಣಗಳನ್ನು ಹುಟ್ಟಿಸುವಂತೆ ಮಜ್ಜೆಯನ್ನು ಪ್ರೇರಿಸುವುದೂ ಅವುಗಳದೇ ಕೆಲಸ.

ಮಳಖೇಡವಿರುವ ಕಾಗಿಣಾ ನದಿಯ ಈ ಬಯಲು ಸುಣ್ಣಕಲ್ಲಿನ ಹಾಸಿನ ಮೇಲಿದೆ. ಶಹಾಬಾದಿನ ಫರಸಿ ಕಲ್ಲು ಗಣಿಗಳಿಂದೆದ್ದು ದೂರದೂರದ ಮನೆಗಳ ನೆಲವಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹರಿಯಿತು. ಶಹಾಬಾದ, ವಾಡಿ, ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳು ಎದ್ದವು. ಸುಣ್ಣದ ನೀರು ಕುಡಿದುದರಿಂದಲೇ ಹೊಟ್ಟೆಯಲ್ಲಿ ಕಲ್ಲು ಬೆಳೆಯುವುದೆಂಬ ನಂಬಿಕೆ ಇಲ್ಲಿಯ ಜನರಲ್ಲಿ ಬೇರೂರಿದೆ. ಆದರೆ ನೀರಿನ ಗಡಸುತನಕ್ಕಿಂತ ನೀರಿನ ಕೊರತೆಯೇ ದೊಡ್ಡ ಕಾರಣ: ನಾಲ್ವತ್ತು ಡಿಗ್ರಿ ಮೀರುವ ಬೇಸಗೆಯಲ್ಲಿ, ಬಂಡೆಯ ಮೇಲೆ ನಿಂತು ಕಲ್ಲು ಸೀಳುವವನ ಮೈನೀರು ಬೆವರಾಗಿ ಹರಿದುಹೋದಾಗ ಮೂತ್ರವು ಗಟ್ಟಿಯಾಗಿ, ಅದರಲ್ಲಿ ಕರಗಿದ್ದ ಲವಣಗಳು ಹರಳುಗಟ್ಟುತ್ತವೆ. ದಿನದ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳು ಬಾಯಾರಿದ ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿಮಾಡುವುವು.

ಮೂತ್ರಪಿಂಡದ ಶಕ್ತಿ ಕುಂದುವ ರೋಗವು ಬಹುಕಾಲ ನೋವಿಲ್ಲದೆ ಸಾಗುವುದೇ ಅದರ ಕ್ರೌರ್ಯ. ಕಾಲು ಬಾತು, ಉಸಿರು ಕಟ್ಟಿ, ಮುಖ ಬಿಳಿಚಿಕೊಳ್ಳುವ ವೇಳೆಗೆ ಶಕ್ತಿಯ ಬಹುಪಾಲು ಅಳಿದಿರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. 1943ರಲ್ಲಿ, ಶತ್ರುಸೈನ್ಯದ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಪಟ್ಟಣದಲ್ಲಿ, ಕೋಲ್ಫ್ ಎಂಬ ವೈದ್ಯನು ಕೃತಕ ಮೂತ್ರಪಿಂಡವನ್ನು ನಿರ್ಮಿಸುವವರೆಗೆ ಈ ರೋಗಕ್ಕೆ ಮರಣವೇ ಕೊನೆಯಾಗಿತ್ತು. ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1971ರಲ್ಲಿ ಮೂತ್ರಪಿಂಡದ ಕಸಿ ಸಫಲವಾಯಿತು. ಕಲಬುರಗಿಗೆ ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿಯೇ ಬಂದಿತ್ತಾದರೂ, ವಾರಕ್ಕೆ ಎರಡು ಮೂರು ಬಾರಿ, ಪ್ರತಿಸಲ ಸುಮಾರು ನಾಲ್ಕು ಗಂಟೆ ರಕ್ತ ಸೋಸುವ ಡಯಾಲಿಸಿಸ್ ಯಂತ್ರಕ್ಕೆ ಮೈಯೊಪ್ಪಿಸಬೇಕಾದವನಿಗೆ, ಅದರಲ್ಲಿಯೂ ರೈಲಿನ ಹಳಿಯೇ ಇಲ್ಲದ ಚಿಂಚೋಳಿಯ ಕೂಲಿಕಾರನಿಗೆ, ಹಾದಿಯ ಖರ್ಚೇ ಒಂದು ಎರಡನೆಯ ರೋಗ. ಆದುದರಿಂದ 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯು ಘೋಷಿತವಾದುದನ್ನೂ, ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರಗಳು ಇಳಿದುಬಂದುದನ್ನೂ ಈ ನಾಡಿನ ವೈದ್ಯಚರಿತ್ರೆಯಲ್ಲಿ ಮಾನ್ಯಖೇಟದ ಆ ಉಪನ್ಯಾಸಕ್ಕಿಂತ ಹಿರಿದಾದ ಘಟನೆಯೆಂದೇ ನಾನು ಎಣಿಸುತ್ತೇನೆ.

ರೋಗವು ಆ ಯಂತ್ರದವರೆಗೆ ಬೆಳೆಯದಂತೆ, ಸಕ್ಕರೆಯ ಕಾಯಿಲೆಯೋ ಅಧಿಕ ರಕ್ತದೊತ್ತಡವೋ ಇರುವವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನನ್ನೂ ರಕ್ತದಲ್ಲಿ ಕ್ರಿಯಾಟಿನಿನ್ನನ್ನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಗಣಿಯ ಒಡೆಯರು ಕೆಲಸದ ಜಾಗದಲ್ಲಿ ನೆರಳನ್ನೂ ಕುಡಿಯುವ ನೀರನ್ನೂ ತಪ್ಪದೆ ಒದಗಿಸಬೇಕು.