ಮೇಷ್ಟ್ರಿಗೆ ಏನು ಕೊಡೋಣ?

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಚರ್ಚೆ. ಕ್ಲಾಸ್ ಟೀಚರ್‌ಗೆ ಈ ಸಲ ಏನು ಕೊಡೋಣ? ತಲೆಗಿಷ್ಟು ಅಂತ ಹಾಕಿಕೊಂಡು ಒಂದು ಸೀರೆ ತರುವುದೋ, ಮಕ್ಕಳ ಫೋಟೊ ಅಚ್ಚು ಹಾಕಿಸಿದ ಕಾಫಿ ಮಗ್ಗೋ, ಗಿಫ್ಟ್ ಕಾರ್ಡೋ? ಇದೆಲ್ಲ ಹೊಸ ಕಾಲದ ಶೋಕಿ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. ಅದರ ಜಾಡು ಹಿಡಿದು ಹೋದರೆ, ಮೇಷ್ಟ್ರಿಗೆ ಕೊಡುವ ಕಾಣಿಕೆ ಮತ್ತು ಅವರಿಗೆ ಸಲ್ಲಬೇಕಾದ ಸಂಬಳ ಎರಡೂ ಬಹುಕಾಲ ಒಂದೇ ಜೋಳಿಗೆಯಲ್ಲಿ ಬೆರೆತುಹೋಗಿದ್ದವು ಎಂಬುದು ಗೊತ್ತಾಗುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಅಲ್ಲಿ ಕ್ರಿ.ಶ. 945ರ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ ಶಾಸನ ಸಿಕ್ಕಿದೆ. ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿವರ ಅದರಲ್ಲಿದೆ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದ ಶಾಲೆ ಅದು. ಅವರಿಗೆ 27 ವಸತಿಗಳು, ಉಪಾಧ್ಯಾಯರಿಗೆ 50 ನಿವರ್ತನ ಭೂಮಿ. ನನ್ನ ಗಮನ ಸೆಳೆದದ್ದು ಇದಕ್ಕಿಂತ ಚಿಕ್ಕ ಸಂಗತಿ. ಊರವರು ತಮ್ಮ ಮನೆಯ ಶುಭಕಾರ್ಯಗಳ ಲೆಕ್ಕದಲ್ಲಿ ಶಾಲೆಗೆ ನಾಣ್ಯ ಕೊಡಲು ಒಪ್ಪಿಕೊಂಡಿದ್ದರು. ಮದುವೆಯಾದರೆ ಐದು, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು. ಆ ಶಾಲೆಯ ಬಾಗಿಲು ಎಲ್ಲ ಜಾತಿಗಳಿಗೂ ತೆರೆದಿರಲಿಲ್ಲ, ಅದು ಬೇರೆ ಮಾತು. ಆದರೆ ಶಾಲೆಯನ್ನು ಸಾಕುವುದು ಇಡೀ ಊರಿನ ಹೊಣೆ, ಓದುವ ಮಕ್ಕಳ ಅಪ್ಪಂದಿರದು ಮಾತ್ರವಲ್ಲ ಎಂಬ ತಿಳಿವಳಿಕೆ ಆ ಕಲ್ಲಿನಲ್ಲಿದೆ.

ಶಾಸ್ತ್ರಗಳು ಮಾತ್ರ ಈ ಹೊಣೆಯನ್ನು ಶಿಷ್ಯನ ಹೆಗಲಿಗೇ ಹಾಕಿದವು. ಕಲಿಕೆ ಮುಗಿಯುವ ಮೊದಲು ಏನೂ ಕೊಡಬಾರದು, ಮುಗಿದ ಮೇಲೆ ಶಕ್ತಿ ಇದ್ದಷ್ಟು ಕೊಡಬೇಕು ಎನ್ನುತ್ತದೆ ಮನುಸ್ಮೃತಿ. ಏನೇನು ಕೊಡಬಹುದು ಎಂಬ ಪಟ್ಟಿಯೂ ಅಲ್ಲಿದೆ. ಹೊಲ, ಚಿನ್ನ, ಹಸು, ಕುದುರೆಯಿಂದ ಶುರುವಾಗಿ ಕೊಡೆ, ಪಾದರಕ್ಷೆ, ಧಾನ್ಯ, ಕಾಯಿಪಲ್ಲೆ, ಬಟ್ಟೆಯವರೆಗೂ ಇಳಿಯುತ್ತದೆ. ಕಾಯಿಪಲ್ಲೆಯನ್ನೂ ದಕ್ಷಿಣೆ ಎಂದದ್ದರಲ್ಲಿ ಗುರುವಿನ ಮನೆಯ ಒಲೆಯ ನೆನಪಿದೆ ಎಂದು ನನಗನ್ನಿಸುತ್ತದೆ.

ಕಾಳಿದಾಸನ ರಘುವಂಶದಲ್ಲಿ ಬರುವ ಕೌತ್ಸನ ಕಥೆ ಇದರ ಇನ್ನೊಂದು ತುದಿ. ನಿನ್ನ ಸೇವೆಯೇ ಸಾಕಪ್ಪ ಎಂದು ಗುರು ವರತಂತು ಹೇಳಿದರೂ ಶಿಷ್ಯ ಕೇಳಲಿಲ್ಲ. ಹಟ ಹಿಡಿದ. ಸಿಟ್ಟಿಗೆದ್ದ ಗುರು ಕಲಿಸಿದ ಹದಿನಾಲ್ಕು ವಿದ್ಯೆಗೆ ಹದಿನಾಲ್ಕು ಕೋಟಿ ತಾ ಎಂದ. ಕೌತ್ಸ ರಘುರಾಜನಲ್ಲಿಗೆ ಹೋಗಬೇಕಾಯಿತು, ಕುಬೇರ ಚಿನ್ನದ ಮಳೆ ಸುರಿಸಬೇಕಾಯಿತು. ಜನ ಈ ಕಥೆಯನ್ನು ದಸರೆಯ ಬನ್ನಿಗೆ ಜೋಡಿಸಿಕೊಂಡರು. ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು, ಬಂಗಾರ ಎಂದು ಹೇಳಿ ಕಾಲಿಗೆ ಬೀಳುತ್ತಾರೆ. ಹದಿನಾಲ್ಕು ಕೋಟಿ ಕೊನೆಗೆ ಒಂದು ಎಲೆಯಾಯಿತು.

ಕಥೆ ಹಾಗಾದರೆ ದಾಖಲೆ ಏನು ಹೇಳುತ್ತದೆ? 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ವರದಿ ಕಳಿಸಿದ. ಇಂದಿನದಕ್ಕಿಂತ ಬಹಳ ದೊಡ್ಡದಾಗಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. 235 ಶಾಲೆಗಳು ಕನ್ನಡದವು. ಮಗುವಿಗೆ ಐದು ವರ್ಷ ತುಂಬಿದಾಗ ಮೇಷ್ಟ್ರೂ ಅವರ ಶಿಷ್ಯರೂ ಮನೆಗೆ ಬರುತ್ತಿದ್ದರು. ಗಣೇಶನ ಮುಂದೆ ಕೂತ ಮಗು ಅಕ್ಕಿಯ ಮೇಲೆ ಬೆರಳಿಂದ ದೇವರ ಹೆಸರು ಬರೆಯುತ್ತಿತ್ತು. ಆಗ ತಂದೆ ತಾಯಿ ತಮ್ಮ ಕೈಲಾದ ಉಡುಗೊರೆ ಕೊಡುತ್ತಿದ್ದರು. ಬೆಳಿಗ್ಗೆ ಶಾಲೆಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈಯಲ್ಲಿ ಸೊನ್ನೆ. ಮೂರನೆಯವನಿಂದ ಏಟು ಶುರು.

ಓದುವಾಗ ಖುಷಿಯಾಗುತ್ತದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಮೇಷ್ಟ್ರುಗಳ ತಿಂಗಳ ಸಂಪಾದನೆ ಆರೇಳು ರೂಪಾಯಿ ದಾಟುತ್ತಿರಲಿಲ್ಲ. ಯೋಗ್ಯರು ಈ ಕೆಲಸಕ್ಕೆ ಬರಲು ಅದು ಸಾಲದು ಎಂದು ಕ್ಯಾಂಪ್‌ಬೆಲ್ ಬರೆದ. ವಿಲಾಯತಿ ಬಟ್ಟೆ ಬಂದು ನೇಕಾರರ ದುಡಿಮೆ ಕುಗ್ಗಿತ್ತು. ಅಪ್ಪಂದಿರ ಕೈ ಬರಿದಾಗಿತ್ತು. ಮೊದಲು ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆ ಇಲ್ಲ ಎಂದೂ ಅವನು ದಾಖಲಿಸಿದ. ಮನೆಮನೆಯ ಪ್ರೀತಿಯನ್ನೇ ನೆಚ್ಚಿ ಬದುಕುವ ಮೇಷ್ಟ್ರು, ಆ ಮನೆಗಳು ಬಡವಾದಾಗ ಏನು ಮಾಡಿಯಾರು?

ಕೂಲಿಮಠದ ಮೇಷ್ಟ್ರುಗಳು ಮಾಡಿದ್ದು ಇದು. ಮಹಾನವಮಿ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಚೌಪದ ಹಾಡಿಸುವುದು. ಕರಾವಳಿಯಲ್ಲಿ ಇದೇ ಹೂವಿನಕೋಲು ಆಯಿತು. ಐಗಳ ಜೊತೆ ಬಂದ ಹುಡುಗರು ಹೂವು ಸಿಂಗರಿಸಿದ ಕೋಲು ಹಿಡಿದು ಚಾವಡಿಯಲ್ಲಿ ಎದುರುಬದುರು ಕೂತು ಯಕ್ಷಗಾನದ ಅರ್ಥ ಹೇಳುತ್ತಿದ್ದರು. ಮನೆಯವರು ಅಕ್ಕಿ, ತೆಂಗಿನಕಾಯಿ, ಕಾಸು ಕೊಡುತ್ತಿದ್ದರು. ಐಗಳಿಗೆ ಅದು ವರ್ಷದ ಆಧಾರ. ಇದನ್ನು ತಿರುಪೆ ಎಂದರೂ ಎನ್ನಬಹುದು. ಆದರೆ ಮಗು ಕಲಿತದ್ದನ್ನು ಊರ ಮುಂದೆ ಒಪ್ಪಿಸುವ ಗಳಿಗೆಯೂ ಅದೇ. ಕೊಟ್ಟ ಅಕ್ಕಿ ಹೊಟ್ಟೆಗೆ. ಮಗುವಿನ ಮಾತು ತಪ್ಪದೆ ಬಂದರೆ ಆ ಹಿಗ್ಗು ಐಗಳಿಗೆ.

ಮುಂದೆ ಸರ್ಕಾರಿ ಶಾಲೆಗಳು ಬಂದವು. ಮೈಸೂರಿನಲ್ಲಿ 1868ರ ಹೊತ್ತಿಗೆ ಹೋಬಳಿ ಶಾಲೆಗಳು ಶುರುವಾದವು. ಸಂಬಳ ಎಂಬುದು ಬಂತು. ಆಗ ಉಡುಗೊರೆಗೆ ಹೊಟ್ಟೆಪಾಡಿನ ಭಾರ ತಪ್ಪಿ, ಮೊದಲ ಸಲ ಅದು ಬರೀ ಕೃತಜ್ಞತೆಯಾಗಲು ಬಿಡುವು ಸಿಕ್ಕಿತು. 1921ರಲ್ಲಿ ರಾಧಾಕೃಷ್ಣನ್ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ಅವರ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯಲ್ಲಿ ಅವರನ್ನು ಕೂರಿಸಿ, ಕುದುರೆಗಳ ಬದಲು ತಾವೇ ಎಳೆದುಕೊಂಡು ಮೈಸೂರಿನ ರೈಲು ನಿಲ್ದಾಣಕ್ಕೆ ಹೋದರು. 1939ರಲ್ಲಿ ತೀರಿಕೊಂಡ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ ಕುವೆಂಪು ಶ್ರೀರಾಮಾಯಣ ದರ್ಶನಂ ಅರ್ಪಿಸಿದರು. ಅದು ಪುಸ್ತಕವಾಗಿ ಬಂದದ್ದು 1949ರಲ್ಲಿ. ಪಡೆಯುವವರು ಇಲ್ಲದಾಗಲೂ ಕೊಡುವ ಋಣ ಮುಗಿದಿರಲಿಲ್ಲ.

ಇಷ್ಟು ಸುತ್ತಿ ಬಂದ ಮೇಲೆ, ಏನು ಕೊಡೋಣ ಎಂದು ಯಾರಾದರೂ ಕೇಳಿದರೆ ನಾನು ಎರಡು ಮಾತು ಹೇಳುತ್ತೇನೆ. ಒಂದು, ಉಡುಗೊರೆಯಿಂದ ಸಂಬಳದ ಕೊರತೆ ತೀರುವುದಿಲ್ಲ. ಇವತ್ತಿಗೂ ಎಷ್ಟೋ ಅತಿಥಿ ಶಿಕ್ಷಕರು, ಸಣ್ಣ ಖಾಸಗಿ ಶಾಲೆಗಳ ಟೀಚರುಗಳು ತೀರ ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ. ವರ್ಷಕ್ಕೊಂದು ಸೀರೆ ಕೊಟ್ಟು ಅವರನ್ನು ಮರೆಯುವುದಕ್ಕಿಂತ, ಪಾಲಕರ ಸಭೆಯಲ್ಲಿ ಅವರ ಸಂಬಳದ ಮಾತೆತ್ತುವುದು ಸಾಲೋಟಗಿಯವರು ಮೆಚ್ಚುವ ಕೆಲಸ.

ಎರಡು, ಕೊಡುವುದಾದರೆ ಮಗುವಿನ ಕೈಯಿಂದ ಬರಲಿ. ಜೂನ್‌ನಲ್ಲಿ ಬಾರದಿದ್ದ ಭಾಗಾಕಾರ ಈಗ ಬರುತ್ತದೆ ಎಂದೋ, ನೀವು ಓದಿ ಹೇಳಿದ ಕಥೆಯನ್ನು ಮನೆಯಲ್ಲಿ ತಂಗಿಗೆ ಹೇಳಿದೆ ಎಂದೋ ಅದು ತನ್ನ ಸೊಟ್ಟ ಅಕ್ಷರದಲ್ಲಿ ಬರೆದುಕೊಟ್ಟರೆ ಸಾಕು. ಹಾಡು ಕಲಿತಿದ್ದರೆ ಟೀಚರ್ ಮುಂದೆ ನಿಂತು ಹಾಡಲಿ. ಐಗಳು ಚಾವಡಿಯಲ್ಲಿ ಕಿವಿಗೊಟ್ಟು ಕಾಯುತ್ತಿದ್ದದ್ದು ಅದಕ್ಕೇ.